ಹೆಸರಿಲ್ಲದ ಕಾಗದ

ಹೆಗ್ಗಡದೇವನಕೋಟೆಯ ಹೆಸರಿನಲ್ಲಿಯೇ ಕೋಟೆಯೊಂದುಂಟು. ಕೋಟೆ ಕಟ್ಟುತ್ತಿದ್ದ ಕಾಲದಲ್ಲಿ ಹಗೆಯ ಮುಖ ಕಾಣುತ್ತಿತ್ತು. ಅವನು ಬರುವ ದಾರಿಯೂ ತಿಳಿದಿರುತ್ತಿತ್ತು. ಇಂದು ಅದೇ ಊರಿನ ಮನೆಯೊಳಗೆ ಓದುತ್ತ ಕುಳಿತ ಮಗುವಿನ ಫೋನಿಗೆ, ಯಾರೆಂದು ತಿಳಿಯದವನ ಬೈಗುಳ ಬಾಗಿಲು ತಟ್ಟದೆ ಬಂದು ಬೀಳಬಲ್ಲದು. ಇದನ್ನು ನಾವು ಹೊಸ ಕಾಲದ ಪಿಡುಗೆನ್ನುತ್ತೇವೆ. ಆದರೆ ಹೆಸರು ಮರೆಸಿ ನೋಯಿಸುವ ಚಾಳಿ ಹಳೆಯದು. ಅದಕ್ಕೆ ಹುಡುಕಿದ ಮದ್ದಿಗೂ ಒಂದು ಚರಿತ್ರೆಯುಂಟು.

ಮೈಸೂರು ಸೀಮೆಯಲ್ಲಿ ಅಂಚೆ ಏರ್ಪಟ್ಟದ್ದು ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ. ಅಂಚೆಯವರು ಕಾಗದ ಮುಟ್ಟಿಸುವುದಲ್ಲದೆ ತಮ್ಮ ಸೀಮೆಯ ಸುದ್ದಿಯನ್ನೂ ಗುಟ್ಟಾಗಿ ಅರಮನೆಗೆ ತಿಳಿಸುತ್ತಿದ್ದರು. 1889ರಲ್ಲಿ ಈ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ಸೇರಿಹೋಯಿತು. ಸಹಿಯಿಲ್ಲದ ದೂರಿಗೆ ನಮ್ಮ ಕಚೇರಿಗಳಲ್ಲಿ ‘ಮೂಗರ್ಜಿ’ ಎಂಬ ಹೆಸರು ನಿಂತಿತು. ಮೂಗರ್ಜಿಯೆಲ್ಲವೂ ಕೆಟ್ಟದ್ದಲ್ಲ, ಅಧಿಕಾರಿಗೆ ಅಂಜುವ ಬಡ ರೈತನಿಗೆ ಅದೊಂದೇ ದಾರಿಯಾಗಿದ್ದುದೂ ಉಂಟು. ಆದರೆ ಹೆಣ್ಣುಮಗಳ ನಡತೆಯ ಮೇಲೆ ಕೆಸರೆರಚಿ, ಗೊತ್ತಾಗಿದ್ದ ಮದುವೆಯನ್ನು ಮುರಿಯುವ ಕಾಗದಗಳೂ ಅದೇ ಅಂಚೆಪೆಟ್ಟಿಗೆಯಿಂದ ಹೊರಟವು.

ಕಾನೂನು ಇದನ್ನು ಬಲು ಹಿಂದೆಯೇ ಗಮನಿಸಿತ್ತು. 1860ರ ಭಾರತೀಯ ದಂಡ ಸಂಹಿತೆಯ 507ನೆಯ ಕಲಮಿನಂತೆ, ಹೆಸರು ಮರೆಸಿ ಬೆದರಿಸಿದವನಿಗೆ ಬೆದರಿಕೆಯ ಶಿಕ್ಷೆಯ ಜೊತೆಗೆ ಇನ್ನೂ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮು ಆ ಮಾತನ್ನೇ ಉಳಿಸಿಕೊಂಡಿದೆ.

ಹಾಗಾದರೆ ಬದಲಾದುದೇನು? ಕಾಗದವನ್ನು ಮನೆಯ ಹಿರಿಯರು ಮೊದಲು ಒಡೆದು ಓದುತ್ತಿದ್ದರು. ಒಲೆಗೆ ಹಾಕಿದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಫೋನಿನ ಮಾತು ಮೊದಲು ಮಗುವಿಗೇ ತಲಪುತ್ತದೆ. ತರಗತಿಯ ಮಕ್ಕಳೆಲ್ಲ ಅದನ್ನು ಓದಿರುತ್ತಾರೆ. ಮನೆಯವರಿಗೆ ಮಾತ್ರ ತಿಳಿದಿರುವುದಿಲ್ಲ. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಪಾಠ ಫೋನಿನ ಮೂಲಕ ಬಂತು. ಶಾಲೆಗಳು ಮತ್ತೆ ತೆರೆದವು. ಫೋನು ಮಕ್ಕಳ ಕೈಯಲ್ಲಿಯೇ ಉಳಿಯಿತು.

ಸೈಬರ್ ಅಪರಾಧಕ್ಕೆಂದೇ ದೇಶದ ಮೊದಲ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಲೈಂಗಿಕ ಉದ್ದೇಶದಿಂದ ಮಗುವನ್ನು ಫೋನಿನಲ್ಲಿ ಪದೇ ಪದೇ ಪೀಡಿಸುವುದನ್ನು 2012ರ ಪೋಕ್ಸೊ ಕಾಯಿದೆ ಅಪರಾಧವೆಂದು ಸಾರಿತು. ಅದೇ ಕಾಯಿದೆಯೂ 2015ರ ಬಾಲನ್ಯಾಯ ಕಾಯಿದೆಯೂ ನೊಂದ ಮಗುವಿನ ಗುರುತನ್ನು ಪತ್ರಿಕೆಗಳಲ್ಲಿ ಬಯಲು ಮಾಡುವುದನ್ನು ನಿಷೇಧಿಸಿದವು. ಇಲ್ಲಿ ನ್ಯಾಯವೊಂದು ನೇರವಾಯಿತೆನ್ನಬೇಕು. ಹೆಸರು ಮರೆಸುವುದು ದುರ್ಬಲರ ಆಸರೆ, ಪೀಡಕರ ಆಯುಧವಲ್ಲ. ಮಗುವಿನ ಹೆಸರು ಮರೆಯಲ್ಲಿರಲಿ, ಪೀಡಿಸಿದವನ ಹೆಸರು ಬಯಲಿಗೆ ಬರಲಿ.

ಅದು ಬಯಲಿಗೆ ಬರಬಲ್ಲದೆ? ಹಿಂದೆ ಲಕೋಟೆಯ ಮೇಲಿನ ಅಂಚೆಮೊಹರು, ಅಕ್ಷರದ ವರಸೆ ಬರೆದವನ ಸುಳಿವು ಕೊಡುತ್ತಿದ್ದವು. ಸುಳ್ಳು ಹೆಸರಿನ ಖಾತೆಗೂ ಅದನ್ನು ತೆರೆದ ಫೋನಿನ ಜಾಡು ಅಂಟಿರುವುದುಂಟು. ಆದುದರಿಂದ ನೊಂದು ಸಂದೇಶವನ್ನು ಅಳಿಸುವುದು ಲಕೋಟೆಯನ್ನು ಸುಟ್ಟಂತೆ. ಸಂದೇಶ, ದಿನಾಂಕ, ಖಾತೆಯ ಹೆಸರು ಇವನ್ನು ಹಾಗೆಯೇ ಉಳಿಸಿಕೊಂಡು ಪೊಲೀಸ್ ಠಾಣೆಗೆ ಹೋಗಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಆದರೆ ಇವೆಲ್ಲಕ್ಕೂ ಮೊದಲು ಮಗು ಬಾಯಿಬಿಟ್ಟು ಹೇಳಬೇಕು. “ಅವ್ವ, ಯಾರೋ ಹೀಗೆ ಬರೆದವ್ರೆ” ಎಂದಾಗ “ನೀನೇನು ಮಾಡಿದ್ದೆ?” ಎಂದು ಕೇಳಿದರೆ, ಫೋನನ್ನು ಕಿತ್ತಿಟ್ಟರೆ, ಎರಡನೆಯ ಸಲ ಆ ಮಗು ಹೇಳುವುದಿಲ್ಲ. ಮೂಗರ್ಜಿಯನ್ನು ನಂಬಿ ತಮ್ಮ ಮಗಳನ್ನೇ ಶಂಕಿಸಿದ ಮನೆಗಳ ತಪ್ಪನ್ನು ನಾವು ಮತ್ತೆ ಮಾಡಬಾರದು.