ಮಣ್ಣಿನ ಬಂಡಿಯೂ ಆಟದ ರೈಲೂ

ಶೂದ್ರಕ ಕವಿಯ ‘ಮೃಚ್ಛಕಟಿಕ’ದ ಆರನೆಯ ಅಂಕದಲ್ಲಿ ಒಂದು ಚಿಕ್ಕ ಪ್ರಸಂಗವುಂಟು. ಚಾರುದತ್ತನ ಮಗನಾದ ರೋಹಸೇನನು ನೆರೆಮನೆಯ ಬಾಲಕನ ಬಂಗಾರದ ಬಂಡಿಯೊಡನೆ ಆಡಿ ಸುಖಿಸಿದವನು. ಬಂಡಿಯ ಒಡೆಯನು ಅದನ್ನು ಮರಳಿ ಕೊಂಡೊಯ್ದ ಮೇಲೆ, ದಾಸಿಯಾದ ರದನಿಕೆಯು ಮಣ್ಣಿನ ಬಂಡಿಯೊಂದನ್ನು ಮಾಡಿಕೊಟ್ಟರೂ, ಅವನು ಅದನ್ನೊಲ್ಲದೆ ಅಳುತ್ತಾನೆ. ಅದನ್ನು ಕಂಡು ಮರುಗಿದ ವಸಂತಸೇನೆಯು ಮೈಮೇಲಣ ಆಭರಣಗಳನ್ನು ಕಳಚಿ ಆ ಬಂಡಿಯಲ್ಲಿ ತುಂಬುತ್ತಾಳೆ. ಮುಂದೆ ಆ ಆಭರಣಗಳೇ ಚಾರುದತ್ತನಿಗೆ ಮುಳುವಾಗುವುವೆಂಬುದು ಕಾವ್ಯವನ್ನೋದಿದವರೆಲ್ಲರಿಗೂ ತಿಳಿದ ವಿಷಯ. ಆದರೆ ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು: ನಾಟಕಕ್ಕೆ ಹೆಸರನ್ನಿತ್ತುದು ಬಂಗಾರದ ಬಂಡಿಯಲ್ಲ, ಮಣ್ಣಿನ ಬಂಡಿ.

ಹರಪ್ಪಾ ಮೊಹೆಂಜೊದಾರೊಗಳ ಅಗೆತದಲ್ಲಿ ಸುಟ್ಟ ಮಣ್ಣಿನ ಆಟದ ಬಂಡಿಗಳು ಬಹಳವಾಗಿ ದೊರೆತಿವೆ. ದೊಡ್ಡವರ ವಾಹನವು ಯಾವುದೋ ಅದೇ ಚಿಕ್ಕ ರೂಪವನ್ನು ತಳೆದು ಮಕ್ಕಳ ಕೈಗೆ ಬರುವುದು ಮನುಷ್ಯ ಸಮಾಜದ ಹಳೆಯ ಪದ್ಧತಿ. ಎತ್ತಿನ ಬಂಡಿಯ ಕಾಲಕ್ಕೆ ಮಣ್ಣಿನ ಬಂಡಿ ಬಂದಂತೆ ಉಗಿಬಂಡಿಯ ಕಾಲಕ್ಕೆ ಆಟದ ರೈಲು ಬಂದಿತು. ಅದರೊಡನೆ ಬಂಗಾರಕ್ಕೂ ಮಣ್ಣಿಗೂ ಇದ್ದ ಹಳೆಯ ಜಗಳವೂ ಬಂದಿತು. ಆಟದ ರೈಲಿನ ಚರಿತ್ರೆಯನ್ನು ಪರಾಮರ್ಶಿಸಿದರೆ, ಬಾಳಿ ಉಳಿದುದು ಪ್ರಾಯಶಃ ಅಗ್ಗದ ಬಂಡಿಯೇ ಎಂಬುದು ಗೊತ್ತಾಗುವುದು.

ಈ ಚರಿತ್ರೆಗೆ ಅಘನಾಶಿನಿಯ ಅಳಿವೆಯಲ್ಲಿರುವ ತದಡಿಯಂಥ ಬಂದರಿನಲ್ಲಿ ವಿಶೇಷವಾದ ಅರ್ಥವುಂಟು. ಕುಮಟೆಯ ಸೀಮೆಯು ರೈಲಿನ ದೆಸೆಯಿಂದ ಒಮ್ಮೆ ಕೆಟ್ಟು, ಬಹುಕಾಲದ ಮೇಲೆ ರೈಲನ್ನು ಕಂಡ ಸೀಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕಡೆಯ ಹತ್ತಿಯು ಬಂಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದಿತು. ಆಂಗ್ಲರ ಪೇಟೆಗಳಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ರೂಢವಾಗಿದ್ದಿತು. 1861ರಿಂದ 1865ರ ವರೆಗಿನ ಅಮೇರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ನಿಂತಾಗ ಈ ವ್ಯಾಪಾರವು ಇನ್ನಷ್ಟು ಉಬ್ಬಿತು. ಅನಂತರ 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯು ಬಯಲುಸೀಮೆಯನ್ನು ಗೋವೆಯ ಮಾರ್ಮಗೋವಾ ಬಂದರಿಗೆ ಜೋಡಿಸಲು, ಹತ್ತಿಯು ಆ ದಾರಿಯನ್ನು ಹಿಡಿಯಿತು. ಕುಮಟೆಯ ಬಂದರು ಬಡವಾಯಿತು. 1990ರಲ್ಲಿ ಕೊಂಕಣ ರೇಲ್ವೆ ನಿಗಮವು ಸ್ಥಾಪಿತವಾಗಿ, 1998ರಲ್ಲಿ ರೋಹಾದಿಂದ ಮಂಗಳೂರಿನ ವರೆಗೆ ಹಾದಿ ಪೂರ್ಣವಾದ ಮೇಲೆಯೇ ಈ ಕರಾವಳಿಗೆ ಮುಂಬಯಿಯ ರೈಲು ಬಂದುದು. ಅದುವರೆಗೆ ತದಡಿಯ ಬಾಲಕನಿಗೆ ರೈಲೆಂದರೆ ಪಾಠಪುಸ್ತಕದ ಚಿತ್ರ, ಇಲ್ಲವೆ ಜಾತ್ರೆಯ ಅಂಗಡಿಯ ತಗಡಿನ ಆಟಿಕೆ. ಕಾಣದ ವಸ್ತುವನ್ನು ತಿಳಿಯುವುದಕ್ಕೆ ಆಟಿಕೆಯೇ ಆಧಾರವಾಗಿದ್ದ ಊರಿನಲ್ಲಿ ಆಟಿಕೆಯ ಬೆಲೆಯು ಸಣ್ಣ ಪ್ರಶ್ನೆಯಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲಂಡಿನ ಶ್ರೀಮಂತರ ಮನೆಗಳಲ್ಲಿ ಹಿತ್ತಾಳೆಯ ಚಿಕ್ಕ ಇಂಜಿನುಗಳಿದ್ದುವು. ಅವುಗಳಲ್ಲಿ ನಿಜವಾದ ನೀರು, ನಿಜವಾದ ಬೆಂಕಿ, ನಿಜವಾದ ಉಗಿ. ಹಳಿಯಿಲ್ಲದೆ ನೆಲದ ಮೇಲೆಯೇ ಓಡುತ್ತ, ನೀರು ಸುರಿಸುತ್ತ ಹೋಗುತ್ತಿದ್ದುದರಿಂದ ಜನರು ಅವುಗಳಿಗೆ ‘ಜೊಲ್ಲು ಸುರಿಸುವ ಇಂಜಿನು’ ಎಂಬರ್ಥದ ಅಡ್ಡಹೆಸರಿಟ್ಟರು. ನೋಟಕ್ಕೆ ಸೊಗಸು, ಬೆಲೆ ಹೆಚ್ಚು, ರತ್ನಗಂಬಳಿಗೆ ಅಪಾಯ. ಇದು ಬಂಗಾರದ ಬಂಡಿ.

ಮಣ್ಣಿನ ಬಂಡಿಯು ಜರ್ಮನಿಯಿಂದ ಬಂದಿತು. ಗೊಪ್ಪಿಂಗನ್ ಎಂಬ ಊರಿನ ಮಾರ್ಕ್ಲಿನ್ ಮನೆತನವು 1859ರಿಂದ ಬೊಂಬೆಮನೆಗಳಿಗೆ ತಗಡಿನ ಪಾತ್ರೆ ಪಡಗಗಳನ್ನು ಮಾಡುತ್ತಿದ್ದಿತು. ಬೊಂಬೆಯ ಅಡಿಗೆಮನೆಗೆ ವರ್ಷಕ್ಕೊಂದು ಪಾತ್ರೆಯನ್ನು ಕೊಂಡು ಸೇರಿಸುವ ರೂಢಿಯನ್ನು ಕಂಡ ಅವರು, ಅದೇ ಕ್ರಮವನ್ನು ರೈಲಿಗೂ ಅನ್ವಯಿಸಿ, 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಗಡಿಯಾರದ ಸುರುಳಿಯಂತೆ ಕೀಲಿಯಿಂದ ತಿರುಪಿ ಓಡಿಸುವ ರೈಲನ್ನೂ ಎಂಟರ ಅಂಕೆಯ ಆಕಾರದ ಹಳಿಯನ್ನೂ ಪ್ರದರ್ಶಿಸಿದರು. ಇದರಲ್ಲಿಯ ಮುಖ್ಯ ಗುಣವು ಯಂತ್ರದ್ದಲ್ಲ, ಅಳತೆಯದು. ಹಳಿಗಳ ಅಂತರಕ್ಕೆ ಇಂತಿಷ್ಟೆಂದು ನಿಯಮವಾದುದರಿಂದ, ಇಂದು ಕೊಂಡ ಇಂಜಿನು ನಾಳೆ ಕೊಳ್ಳುವ ಡಬ್ಬಿಯೊಡನೆ ಹೊಂದುವಂತಾಯಿತು. ಒಮ್ಮೆಲೆ ಎಲ್ಲವನ್ನೂ ಕೊಳ್ಳಲಾರದವನು ಮೊದಲು ಒಂದು ಚಿಕ್ಕ ಕಟ್ಟನ್ನು ಕೊಂಡು, ಕ್ರಮೇಣ ಅದನ್ನು ಬೆಳಸಬಹುದೆಂಬ ಉಪಾಯವು ಹುಟ್ಟಿದುದು ಇಲ್ಲಿಯೇ. ಅಗ್ಗದ ರೈಲಿನ ಮೂಲಮಂತ್ರವೂ ಇದೇ.

ಮೊದಲನೆಯ ಮಹಾಯುದ್ಧದ ತರುವಾಯ ಇಂಗ್ಲಂಡಿನಲ್ಲಿ ಫ್ರ್ಯಾಂಕ್ ಹಾರ್ನ್‌ಬಿ ಎಂಬಾತನು 1920ರಲ್ಲಿ ಕೀಲಿಯ ರೈಲುಗಳನ್ನು ಹೊರಡಿಸಿದನು. ತೂತುಗಳುಳ್ಳ ಲೋಹದ ಪಟ್ಟಿಗಳನ್ನು ಜೋಡಿಸಿ ಯಂತ್ರಗಳನ್ನು ಕಟ್ಟುವ ಮೆಕ್ಯಾನೊ ಆಟವನ್ನು ನಿರ್ಮಿಸಿದವನೂ ಇವನೇ. ನ್ಯೂರೆಂಬರ್ಗಿನ ಬಿಂಗ್ ಸಂಸ್ಥೆಯು 1922ರಲ್ಲಿ ಊಟದ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕ ರೈಲನ್ನು ಮಾಡಿತು. ದೊಡ್ಡ ಕೋಣೆಯಿಲ್ಲದ ಮನೆಗೂ ರೈಲು ಬಂದುದು ಇದರಿಂದ.

ಈ ಚಿಕ್ಕ ಗಾತ್ರದಲ್ಲಿಯೇ ಚರಿತ್ರೆಯ ಅತ್ಯಂತ ವಿಚಿತ್ರವಾದ ರಾಜಿಯೊಂದು ನಡೆಯಿತು. ಯುರೋಪಿನ ನಿಜವಾದ ಹಳಿಗಳ ಅಂತರ 1435 ಮಿ.ಮೀ. ಇದನ್ನು 87ರಿಂದ ಭಾಗಿಸಿದರೆ 16.5 ಮಿ.ಮೀ. ಬರುವುದು, ಇದೇ ಕಿರುರೈಲಿನ ಹಳಿಯ ಅಂತರವಾಯಿತು. ಆದರೆ ಇಂಗ್ಲಂಡಿನ ಇಂಜಿನುಗಳು ಯುರೋಪಿನವುಗಳಿಗಿಂತ ಮೈಯಲ್ಲಿ ಸಣ್ಣವು. 87ರಲ್ಲೊಂದು ಪಾಲಿಗೆ ಕುಗ್ಗಿಸಿದರೆ ಅಂದಿನ ಮೋಟಾರು ಒಳಗೆ ಹಿಡಿಸದು. ಆದಕಾರಣ ಆಂಗ್ಲರು ಹಳಿಯನ್ನು ಹಾಗೆಯೇ ಇಟ್ಟುಕೊಂಡು, ಮೇಲಿನ ಮೈಯನ್ನು ಮಾತ್ರ ಸುಮಾರು 76ರಲ್ಲೊಂದು ಪಾಲಿಗೆ ಮಾಡಿದರು. ಲೆಕ್ಕವಿಟ್ಟರೆ ಆ ರೈಲುಗಳ ಕಾಲು ಮೈಗೆ ತಕ್ಕುದಲ್ಲ. ನಿಷ್ಠುರವಾದಿಗಳು ಇದನ್ನು ದೋಷವೆಂದು ಜರೆದರು. ಹಾಗಾದರೂ ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಹಬ್ಬಿದುದು ಈ ದೋಷವುಳ್ಳ ಅಳತೆಯೇ.

1938ರಲ್ಲಿ ಹೊರಟ ಹಾರ್ನ್‌ಬಿ ಡಬ್ಲೊ ಎಂಬ ರೈಲು ಈ ಅಳತೆಯದು. ಎರಕದ ಲೋಹದ ಮೈ, ಮೂರು ಹಳಿಯ ದಾರಿ, ಗಟ್ಟಿ ಕೆಲಸ, ಹೆಚ್ಚಿನ ಬೆಲೆ. ಇದಕ್ಕೆ ಇದಿರಾಗಿ 1950ರಲ್ಲಿ ರೋವೆಕ್ಸ್ ಎಂಬ ಸಂಸ್ಥೆಯು ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳಿಗಾಗಿ ಪ್ಲಾಸ್ಟಿಕ್ಕಿನ ಪ್ಯಾಸೆಂಜರ್ ರೈಲೊಂದನ್ನು ಮಾಡಿತು: ‘ಪ್ರಿನ್ಸೆಸ್ ಎಲಿಜಬೆತ್’ ಎಂಬ ಇಂಜಿನು, ಎರಡು ಡಬ್ಬಿ, ಒಂದು ಸುತ್ತಿನ ಹಳಿ. ಡಬ್ಬಿಗಳು ನಿಜವಾದ ಪ್ರಮಾಣಕ್ಕಿಂತ ಗಿಡ್ಡ. ಮೊದಲಿನ ಪ್ಲಾಸ್ಟಿಕ್ಕು ಕಾಲಕ್ರಮದಲ್ಲಿ ಸೊಟ್ಟಗಾಗುವಂಥದು. ಮರುವರ್ಷ ಆ ಸಂಸ್ಥೆಯನ್ನು ಲೈನ್ಸ್ ಸಹೋದರರು ಕೊಂಡು, ಟ್ರೈಆಂಗ್ ಎಂಬ ಹೆಸರಿನಲ್ಲಿ ಅದನ್ನು ತಿದ್ದುತ್ತ ಬಂದರು, ಒಳ್ಳೆಯ ಪ್ಲಾಸ್ಟಿಕ್ಕನ್ನು ತಂದರು, ಡಬ್ಬಿಗಳನ್ನು ಉದ್ದಮಾಡಿದರು, ತಾನಾಗಿ ಸಿಕ್ಕಿಕೊಳ್ಳುವ ಹೊಸ ಕೊಂಡಿಯನ್ನು ಹಾಕಿದರು. 1964ರಲ್ಲಿ ಮೆಕ್ಯಾನೊ ಸಂಸ್ಥೆಯೇ ಲೈನ್ಸ್ ಸಹೋದರರ ಕೈಸೇರಿತು. ಅಗ್ಗದ ಬಂಡಿಯು ದುಬಾರಿಯ ಬಂಡಿಯನ್ನು ನುಂಗಿತೆಂದರೆ ತಪ್ಪಲ್ಲ. ಅದರ ಕೊಂಡಿಯೇ ಮುಂದೆ ಆ ದೇಶದ ಕಿರುರೈಲುಗಳಿಗೆಲ್ಲ ಸಾಮಾನ್ಯವಾದ ಕೊಂಡಿಯಾಯಿತು. ಹುಟ್ಟುವಾಗ ಇದ್ದ ಕುಂದುಗಳಿಂದ ಅದು ಸೋಲಲಿಲ್ಲ. ಆ ಕುಂದುಗಳನ್ನು ಒಂದೊಂದಾಗಿ ತಿದ್ದಿದುದರಿಂದ ಗೆದ್ದಿತು.

ತಯಾರಿಸಿದವರು ತಿದ್ದಿದುದು ಒಂದು ಭಾಗ. ಕೊಂಡವರು ತಿದ್ದಿದುದು ಇನ್ನೊಂದು ಭಾಗ. ಲಂಡನ್ನಿನಲ್ಲಿ 1910ರಷ್ಟು ಹಿಂದೆಯೇ ಕಿರುರೈಲಿನ ಆಸಕ್ತರ ಸಂಘವೊಂದು ಏರ್ಪಟ್ಟಿತು. ಅಂಥ ಸಂಘಗಳಲ್ಲಿ ತಲೆಮಾರುಗಳಿಂದ ಕೈಯಿಂದ ಕೈಗೆ ಬಂದ ವಿದ್ಯೆಯನ್ನು ಸಂಕ್ಷೇಪವಾಗಿ ಹೇಳಬಹುದು. ವಿದ್ಯುಚ್ಛಕ್ತಿಯು ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟಾರಿಗೆ ಹರಿಯುವುದರಿಂದ, ಹಳಿಯೂ ಗಾಲಿಯೂ ಕೊಳೆಯಿಲ್ಲದಿರಬೇಕು. ಅಗ್ಗದ ಇಂಜಿನು ತಡೆತಡೆದು ಓಡುವುದಕ್ಕೆ ಬಹಳ ಸಲ ಇದೇ ಕಾರಣ. ದೊಡ್ಡ ಸುತ್ತಾದರೆ ಎರಡು ಮೂರು ಎಡೆಗಳಲ್ಲಿ ತಂತಿಯಿಂದ ಹಳಿಗೆ ಶಕ್ತಿಯನ್ನು ಕೊಡಬೇಕು. ಇಲ್ಲವಾದರೆ ದೂರದ ಕಡೆಯಲ್ಲಿ ರೈಲು ಸೊರಗುವುದು. ಹಗುರಾದ ಡಬ್ಬಿಯು ತಿರುವಿನಲ್ಲಿ ಮಗುಚುವುದರಿಂದ, ಅದರ ತಳದಲ್ಲಿ, ಎಷ್ಟು ಕೆಳಗಾದರೆ ಅಷ್ಟು ಲೇಸು, ತಕ್ಕಷ್ಟು ಭಾರವನ್ನು ಅಂಟಿಸಬೇಕು. ಪ್ಲಾಸ್ಟಿಕ್ಕಿನ ಗಾಲಿಯನ್ನು ತೆಗೆದು ಲೋಹದ ಗಾಲಿಯನ್ನು ಹಾಕಿದರೆ ಓಟವು ನುಣುಪಾಗುವುದಲ್ಲದೆ ಹಳಿಯೂ ಬೇಗ ಕೊಳೆಯಾಗದು. ಕಟ್ಟಿನೊಡನೆ ಬರುವ ತಿರುವುಗಳ ತ್ರಿಜ್ಯವು ಪ್ರಾಯಶಃ 371 ಮಿ.ಮೀ. ಅಥವಾ 438 ಮಿ.ಮೀ.; ಎಡೆಯಿದ್ದವರು ಇದನ್ನು ಹಿಗ್ಗಿಸಿದಷ್ಟೂ ಉದ್ದದ ಡಬ್ಬಿಗಳು ನಿಜವಾದ ರೈಲಿನಂತೆ ತಿರುಗುವುವು. ಕೊನೆಯಲ್ಲಿ ಬಣ್ಣ, ಒಳಗಣ ಆಸನ, ಕಿಟಕಿಯ ಬಳಿ ಕುಳಿತ ಪ್ರಯಾಣಿಕರು. ಈ ಅನುಕ್ರಮವು ಮುಖ್ಯ: ಮೊದಲು ಓಟ, ಆಮೇಲೆ ನೋಟ. ಅಲಂಕಾರದಿಂದ ಮೊದಲುಮಾಡುವವನು ಓಡದ ಬಂಡಿಯಲ್ಲಿ ಆಭರಣ ತುಂಬಿದವನಂತಾಗುವನು.

ಕನ್ನಡನಾಡಿನವರಿಗೆ ಇಲ್ಲಿ ಒಂದು ಪ್ರತ್ಯೇಕವಾದ ತೊಡಕುಂಟು. ಕೊಂಕಣ ರೇಲ್ವೆಯ ಹಳಿಗಳ ಅಂತರ 1676 ಮಿ.ಮೀ.; ಇದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗೂ ಮಿಕ್ಕಿ ಬರುವುದು. ಪರದೇಶದ ಅಗ್ಗದ ಕಟ್ಟಿನಲ್ಲಿ ಬರುವುದು 16.5 ಮಿ.ಮೀ. ಹಳಿ. ಅದರ ಮೇಲೆ ನಮ್ಮ ರೈಲನ್ನಿಟ್ಟರೆ ಕಾಲು ಕಿರಿದಾಗಿ ಕಾಣುವುದು. ಹಳಿ, ಗಾಲಿ, ಅಚ್ಚು ಎಲ್ಲವನ್ನೂ ಹೊಸದಾಗಿ ಮಾಡಿಕೊಳ್ಳುವುದು ಬಹು ಶ್ರಮದ, ಬಹು ವೆಚ್ಚದ ದಾರಿ. ಅಗ್ಗದ ಹಳಿಯನ್ನೇ ಇಟ್ಟುಕೊಂಡು ಮೇಲಿನ ಡಬ್ಬಿಯನ್ನು ಮಾತ್ರ ನಮ್ಮದಾಗಿ ಮಾಡಿಕೊಳ್ಳುವುದು ಇನ್ನೊಂದು ದಾರಿ. ಆಂಗ್ಲರು ಎರಡನೆಯದನ್ನೇ ಆರಿಸಿ ಬಾಳಿದರೆಂಬುದನ್ನು ನೆನೆದರೆ, ಅದರಲ್ಲಿ ನಾಚಿಕೆಪಡತಕ್ಕುದೇನೂ ಇಲ್ಲ. 1955ರಲ್ಲಿ ಪ್ರಾರಂಭವಾದ ಪೆರಂಬೂರಿನ ಕಾರ್ಖಾನೆಯ ಹಳೆಯ ಮಾದರಿಯ ಡಬ್ಬಿಯ ಮೈ ಸುಮಾರು 21 ಮೀಟರು ಉದ್ದ. ಕಿರುರೂಪದಲ್ಲಿ ಅದು 24 ಸೆಂ.ಮೀ.ಗಿಂತ ತುಸು ಹೆಚ್ಚು. ಹತ್ತು ಡಬ್ಬಿಯ ರೈಲಿಗೆ ಎರಡೂವರೆ ಮೀಟರಿನಷ್ಟು ಉದ್ದದ ಎಡೆ ಬೇಕು. ಮೂರು ಡಬ್ಬಿಗಳಿದ್ದರೂ ನೋಡುವವನ ಮನಸ್ಸು ಉಳಿದುವನ್ನು ತುಂಬಿಕೊಳ್ಳುವುದು. ಅನ್ನ ಬೆಂದಿತೋ ಇಲ್ಲವೋ ಎಂಬುದನ್ನು ಒಂದು ಅಗುಳಿನಿಂದ ತಿಳಿಯುವ ಸ್ಥಾಲೀಪುಲಾಕ ನ್ಯಾಯವು ಇಲ್ಲಿ ಚೆನ್ನಾಗಿ ಹೊಂದುವುದು.

ತದಡಿಯ ಬಳಿಯಲ್ಲಿಯೇ ಸಾಣಿಕಟ್ಟಾದ ಉಪ್ಪಿನಾಗರಗಳಿವೆ, ಗಾಳಿಯೇ ಉಪ್ಪು. ಅಂಥಲ್ಲಿ ಉಕ್ಕಿನ ಹಳಿಯು ಒಂದು ಮಳೆಗಾಲಕ್ಕೇ ತುಕ್ಕು ಹಿಡಿಯುವುದು. ನಿಕ್ಕಲು ಬೆರೆತ ಬಿಳಿಯ ಲೋಹದ ಹಳಿಯು ತಡೆದುಕೊಳ್ಳುವುದು. ಹಲಗೆಯು ನೀರುಗಾಳಿಗೆ ಉಬ್ಬುವುದರಿಂದ ಅದರ ಎರಡು ಮಗ್ಗುಲಿಗೂ ಬಣ್ಣ ಬಳಿಯಬೇಕು. ಕಡಲಂಚಿನ ಮನೆಯಲ್ಲಿ ರೈಲನ್ನಿಟ್ಟುಕೊಳ್ಳುವುದು ದೋಣಿಯನ್ನಿಟ್ಟುಕೊಂಡಂತೆಯೇ. ದಿನವೂ ನೋಡಿಕೊಳ್ಳದಿದ್ದರೆ ಎರಡೂ ನಿಲ್ಲವು.

1998ರಿಂದೀಚೆಗೆ ಮಿರ್ಜಾನದ ದಕ್ಷಿಣಕ್ಕೆ ಅಘನಾಶಿನಿಯ ಸೇತುವೆಯ ಮೇಲೆ ನಿಜವಾದ ರೈಲು ಓಡುತ್ತಲಿದೆ. 2022ರಲ್ಲಿ ಆ ಹಾದಿಗೆ ವಿದ್ಯುತ್ತೂ ಬಂದಿತು. ದಾರಿ ಕಾಯ್ದ ಆ ನೂರು ವರ್ಷಗಳಲ್ಲಿ ಈ ಸೀಮೆಯು ಕಲಿತ ಪಾಠವೊಂದುಂಟು: ಯಂತ್ರವು ಯಾರ ಕೈಯಲ್ಲಿಲ್ಲವೋ ಅವರ ವ್ಯಾಪಾರವು ಬೇರೆಯವರ ದಾರಿಯನ್ನು ಹಿಡಿಯುವುದು. ಮನೆಯ ಜಗಲಿಯಲ್ಲಿ ಮೂರು ಡಬ್ಬಿಯ ಅಗ್ಗದ ರೈಲು ನಿಂತಾಗ, ಅದೇಕೆ ನಿಂತಿತೆಂದು ಹಳಿಯನ್ನೊರಸಿ, ಗಾಲಿಯನ್ನು ನೋಡಿ, ಮತ್ತೆ ಓಡಿಸುವ ಬಾಲಿಕೆಯಾಗಲಿ ಬಾಲಕನಾಗಲಿ ಯಂತ್ರವನ್ನು ತನ್ನ ಕೈಗೆ ತೆಗೆದುಕೊಂಡಂತೆಯೇ ಸರಿ. ಕೆಟ್ಟರೆ ಮುಟ್ಟಲು ಅಂಜಬೇಕಾದ ಬಂಗಾರದ ಬಂಡಿಯು ಇದನ್ನು ಕಲಿಸಲಾರದು. ರೋಹಸೇನನ ಕೈಗೆ ಮಣ್ಣಿನ ಬಂಡಿಯ ಜೊತೆಗೆ ಒಂದು ಉಳಿಯನ್ನೂ ಕೊಟ್ಟಿದ್ದರೆ ಪ್ರಾಯಶಃ ಅವನ ಅಳುವು ನಿಲ್ಲುತ್ತಿದ್ದಿತು.