ಪಾಲಿಕೆ ಕಟ್ಟಡ ಮಾರಿದ ಮೇಲೆ ಏನಾಗುತ್ತೆ? ಲಂಡನ್ನಿನ ಮೂರು ಮನೆಗಳ ಕಥೆ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಕಥೆ ಒಂದು ಕಟ್ಟಡದ್ದು. ಒಂದು ನಗರದ ಆಡಳಿತ ತನ್ನದೇ ಮನೆ ಕಳ್ಕೊಂಡು, ಬಾಡಿಗೆ ಮನೆಗೆ ಹೋಗಿ, ಕೊನೆಗೆ ಊರಾಚೆಯ ಸ್ವಂತ ಮನೆ ಸೇರಿದ ಕಥೆ. ಊರು ಲಂಡನ್. ಆದರೆ ಕೇಳ್ತಾ ಹೋದ ಹಾಗೆ ಬೆಂಗಳೂರು ನೆನಪಾದರೆ ತಪ್ಪು ನಿಮ್ಮದಲ್ಲ.

ಲಂಡನ್‌ನಲ್ಲಿ ಥೇಮ್ಸ್ ನದಿ ದಡದಲ್ಲಿ ನಮ್ಮ ಬಸವಣ್ಣನ ಪ್ರತಿಮೆ ಇರೋದು ನಿಮಗೆ ಗೊತ್ತಿರಬಹುದು. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅಲ್ಲಿಂದ ನದಿ ಪಕ್ಕದಲ್ಲೇ, ಎದುರು ದಡದ ಪಾರ್ಲಿಮೆಂಟನ್ನು ನೋಡ್ತಾ ಸ್ವಲ್ಪ ದೂರ ನಡೆದು ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿದರೆ ಒಂದು ಭಾರಿ ಕಲ್ಲಿನ ಕಟ್ಟಡ ಸಿಗುತ್ತೆ. ಅದರ ಹೆಸರು ಕೌಂಟಿ ಹಾಲ್. ಇವತ್ತು ಅದರೊಳಗೆ ಏನೇನಿದೆ? ಅಕ್ವೇರಿಯಂ ಇದೆ, ಹೋಟೆಲ್‌ಗಳಿವೆ, ಭಯ ಹುಟ್ಟಿಸೋ 'ಲಂಡನ್ ಡಂಜನ್' ಇದೆ. ಆದರೆ ಇದನ್ನ ಕಟ್ಟಿದ್ದು ಮೀನು ತೋರಿಸೋಕಲ್ಲ, ಲಂಡನ್ ನಗರವನ್ನ ಆಳೋಕೆ.

1889ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಶುರುವಾಯ್ತು. ಕೆಲಸ ಬೆಳೀತಾ ಹೋದ ಹಾಗೆ ದೊಡ್ಡ ಕಚೇರಿ ಬೇಕಾಯ್ತು. ರಾಲ್ಫ್ ನಾಟ್ ಅನ್ನೋ ಯುವ ವಾಸ್ತುಶಿಲ್ಪಿಯ ವಿನ್ಯಾಸ ಆಯ್ಕೆಯಾಯ್ತು. ಮಧ್ಯೆ ಮೊದಲನೇ ಮಹಾಯುದ್ಧ ಬಂದು ಕೆಲಸ ನಿಧಾನವಾಯ್ತು. 1922ರಲ್ಲಿ ದೊರೆ ಐದನೇ ಜಾರ್ಜ್ ಉದ್ಘಾಟಿಸಿದರು. 1965ರಲ್ಲಿ ಹಳೇ ಕೌನ್ಸಿಲ್ ಹೋಗಿ ಗ್ರೇಟರ್ ಲಂಡನ್ ಕೌನ್ಸಿಲ್, ಅಂದ್ರೆ ಜಿಎಲ್‌ಸಿ ಬಂತು. ಕಟ್ಟಡ ಮಾತ್ರ ಅದೇ.

ಇಲ್ಲಿಂದ ರಾಜಕೀಯ. 1981ರಲ್ಲಿ ಲೇಬರ್ ಪಕ್ಷದ ಕೆನ್ ಲಿವಿಂಗ್‌ಸ್ಟನ್ ಜಿಎಲ್‌ಸಿ ನಾಯಕರಾದರು. ನದಿಯ ಆಚೆ ದಡದಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಇಬ್ಬರದ್ದೂ ಎಣ್ಣೆ ಸೀಗೇಕಾಯಿ ಸಂಬಂಧ. ಲಿವಿಂಗ್‌ಸ್ಟನ್ ಕಡೆಯವರು ಕೌಂಟಿ ಹಾಲ್ ಮೇಲೆ ದೊಡ್ಡ ಬ್ಯಾನರ್ ಹಾಕಿದರು. ಅದರಲ್ಲಿ ಲಂಡನ್ನಿನ ನಿರುದ್ಯೋಗಿಗಳ ಸಂಖ್ಯೆ! ಪಾರ್ಲಿಮೆಂಟಿನ ಕಿಟಕಿಯಿಂದ ನೋಡಿದ್ರೆ ನೇರ ಕಣ್ಣಿಗೆ ಬೀಳೋ ಹಾಗೆ. ಥ್ಯಾಚರ್ ಸರ್ಕಾರ 1985ರಲ್ಲಿ ಕಾನೂನು ತಂದು ಜಿಎಲ್‌ಸಿಯನ್ನೇ ರದ್ದು ಮಾಡ್ತು. 1986ರ ಮಾರ್ಚ್ 31 ಅದರ ಕೊನೇ ದಿನ.

ಸರಿ, ಸಂಸ್ಥೆ ಹೋಯ್ತು. ಅದರ ಆಸ್ತಿ? ಮನೆ ಪಾಲಾದ ಮೇಲೆ ಪಾತ್ರೆ ಪಗಡೆ ಹಂಚೋಕೆ ಹಿರಿಯರು ಕೂರ್ತಾರಲ್ಲ, ಹಾಗೆ 'ಲಂಡನ್ ರೆಸಿಡ್ಯುವರಿ ಬಾಡಿ' ಅಂತ ಒಂದು ಸಂಸ್ಥೆ ಮಾಡಿದರು. ಜಿಎಲ್‌ಸಿ ಬಿಟ್ಟುಹೋದ ಆಸ್ತಿ ವಿಲೇವಾರಿ ಮಾಡೋದೇ ಅದರ ಕೆಲಸ. ಗಮನಿಸಿ, ಇದರಲ್ಲಿ ಜನ ಓಟು ಹಾಕಿ ಆರಿಸಿದವರು ಯಾರೂ ಇಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ತನಗೆ ಈ ಕಟ್ಟಡ ಬೇಕು ಅಂತ ಪ್ರಯತ್ನ ಪಟ್ಟಿತು, ಸಿಗಲಿಲ್ಲ. ಕೊನೆಗೆ ಜಪಾನಿನ ಶಿರಾಯಾಮಾ ಶೊಕುಸಾನ್ ಕಂಪನಿ ಸುಮಾರು 6 ಕೋಟಿ ಪೌಂಡ್‌ಗೆ ಕೊಂಡುಕೊಂಡಿತು. 1997ರಲ್ಲಿ ಅಕ್ವೇರಿಯಂ ಬಂತು. ಈಗಿನ ಒಂದು ವಿಷಯ ಕೇಳಿ: ಕೌನ್ಸಿಲ್ ಸದಸ್ಯರು ಚರ್ಚೆ ಮಾಡ್ತಿದ್ದ ಸಭಾಂಗಣದಲ್ಲೇ 2017ರಿಂದ ಅಗಾಥಾ ಕ್ರಿಸ್ಟಿಯ ಕೋರ್ಟ್ ನಾಟಕ ನಡೀತಿದೆ. ಮೊದಲು ಓಟು ಪಡೆದವರು ಕೂರ್ತಿದ್ದ ಜಾಗದಲ್ಲಿ ಈಗ ಟಿಕೆಟ್ ಪಡೆದವರು ಕೂರ್ತಾರೆ.

ಅದೇ ಕಾಲದ ಇನ್ನೊಂದು ಮಾರಾಟ ಹೇಳಲೇಬೇಕು. 1987ರಲ್ಲಿ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ತನ್ನ ಮೂರು ಸ್ಮಶಾನಗಳನ್ನ ಮಾರ್ತು. ಬೆಲೆ? ಮೂರಕ್ಕೂ ಸೇರಿ 15 ಪೆನ್ಸ್! ಪೌಂಡ್ ಅಲ್ಲ, ಪೆನ್ಸ್. ನಿರ್ವಹಣೆ ಖರ್ಚು ಉಳಿಯುತ್ತೆ ಅನ್ನೋದು ಲೆಕ್ಕ. ಸತ್ತವರ ಮನೆಯವರು ರೊಚ್ಚಿಗೆದ್ದರು. ಕೊನೆಗೆ ಕೌನ್ಸಿಲ್ ಅವನ್ನ ವಾಪಸ್ ತಗೋಬೇಕಾಯ್ತು. ಖರ್ಚು ಉಳಿಸೋಕೆ ಅಂತ ಮಾರೋದು ಸುಲಭ, ಅದರ ಹಿಂದಿರೋ ಹೊಣೆಯನ್ನ ಮಾರೋಕಾಗಲ್ಲ.

ಮತ್ತೆ ನಮ್ಮ ಕಥೆಗೆ. 2000ದಲ್ಲಿ ಲಂಡನ್‌ಗೆ ಮತ್ತೆ ನಗರ ಸರ್ಕಾರ ಬಂತು. ಮೊದಲ ಮೇಯರ್ ಯಾರು ಹೇಳಿ? ಅದೇ ಕೆನ್ ಲಿವಿಂಗ್‌ಸ್ಟನ್! ಆದರೆ ಕೂರೋಕೆ ಸ್ವಂತ ಮನೆ ಇಲ್ಲ. ಟವರ್ ಬ್ರಿಡ್ಜ್ ಹತ್ತಿರ ನಾರ್ಮನ್ ಫಾಸ್ಟರ್ ಸಂಸ್ಥೆ ವಿನ್ಯಾಸ ಮಾಡಿದ, ಓರೆಯಾಗಿ ನಿಂತ ಗಾಜಿನ ಮೊಟ್ಟೆಯಂಥ ಸಿಟಿ ಹಾಲ್ 2002ರಲ್ಲಿ ತೆರೆಯಿತು. ಪ್ರಪಂಚವೇ ಅದರ ಫೋಟೊ ತೆಗೆದಿದೆ. ಆದರೆ ಅದು ಲಂಡನ್ ಜನರದ್ದಲ್ಲ, 25 ವರ್ಷದ ಲೀಸ್. ನಮ್ಮಲ್ಲಿ ಲೀಸ್ ಅಂದ್ರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ಬಿಡುವಾಗ ವಾಪಸ್ ಪಡೆಯೋದು. ಅಲ್ಲಿ ಹಾಗಲ್ಲ, ವರ್ಷ ವರ್ಷ ಬಾಡಿಗೆ ಕಟ್ತಾ ಇರಬೇಕು. ಮುಂದೆ ಆ ಇಡೀ ಬಡಾವಣೆ ಕುವೈತ್ ಸರ್ಕಾರದ ಒಡೆತನದ ಕಂಪನಿಯ ಕೈಗೆ ಹೋಯ್ತು. ಅಂದ್ರೆ ಲಂಡನ್ ಮೇಯರ್‌ಗೆ ಓನರ್ ಕುವೈತ್!

2020ರ ಹೊತ್ತಿಗೆ ಬಾಡಿಗೆ ವರ್ಷಕ್ಕೆ 1 ಕೋಟಿ ಪೌಂಡ್ ದಾಟಿತ್ತು. ಕೋವಿಡ್ ಬಂದು ಆದಾಯಕ್ಕೆ ಏಟು ಬಿತ್ತು. ಮೇಯರ್ ಸಾದಿಕ್ ಖಾನ್ ಖಾಲಿ ಮಾಡೋ ತೀರ್ಮಾನಕ್ಕೆ ಬಂದರು. ಪೂರ್ವ ಲಂಡನ್ನಿನ ರಾಯಲ್ ಡಾಕ್ಸ್‌ನಲ್ಲಿ 'ದಿ ಕ್ರಿಸ್ಟಲ್' ಅನ್ನೋ ಕಟ್ಟಡ ಆಗಲೇ ನಗರ ಸರ್ಕಾರದ ಒಡೆತನದಲ್ಲಿತ್ತು. ಅಲ್ಲಿಗೆ ಹೋದರೆ 5 ವರ್ಷದಲ್ಲಿ ಸುಮಾರು 6 ಕೋಟಿ ಪೌಂಡ್ ಉಳಿತಾಯ ಅಂತ ಲೆಕ್ಕ ಕೊಟ್ಟರು. 2021ರ ಕೊನೆಗೆ ಹಳೇ ಸಿಟಿ ಹಾಲ್ ಖಾಲಿಯಾಯ್ತು. ನಗರದ ನಡುವಿನಿಂದ ಇಷ್ಟು ದೂರ ಹೋಗೋದಾ ಅಂತ ಟೀಕೆಯೂ ಬಂತು.

6 ಕೋಟಿ. ಈ ಅಂಕಿ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಕೌಂಟಿ ಹಾಲ್ ಮಾರಿದ್ದೂ ಹೆಚ್ಚುಕಡಿಮೆ ಅಷ್ಟಕ್ಕೇ. ಮೂವತ್ತು ವರ್ಷದಲ್ಲಿ ಹಣದ ಬೆಲೆ ಬದಲಾಗಿದೆ, ಹಾಗಾಗಿ ನೇರ ಹೋಲಿಕೆ ಸರಿಯಲ್ಲ. ಆದರೂ ಮಾರಿದ ಹಣ ಒಂದು ಸಲ ಬರುತ್ತೆ, ಬಾಡಿಗೆ ಪ್ರತಿ ವರ್ಷ ಹೋಗುತ್ತೆ. ಇದು ಬಾಡಿಗೆ ಮನೇಲಿರೋ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬೆಂಗಳೂರು. ಸುಮಾರು ಹತ್ತು ವರ್ಷದ ಹಿಂದೆ ಬಿಬಿಎಂಪಿ ಸಾಲಕ್ಕಾಗಿ ಕೆ.ಆರ್. ಮಾರ್ಕೆಟ್, ಮೇಯೋ ಹಾಲ್, ಜಾನ್ಸನ್ ಮಾರ್ಕೆಟ್ ಸೇರಿ 11 ಆಸ್ತಿ ಅಡ ಇಟ್ಟಿತ್ತು. ಅದು ಚುನಾವಣೆಯ ವಿಷಯವೇ ಆಗಿತ್ತು. ಆಮೇಲೆ ಅವನ್ನ ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯ್ತು. ಅಡ ಇಟ್ಟಿದ್ದು ವಾಪಸ್ ಬರುತ್ತೆ, ಮಾರಿದ್ದು ಬರೋದು ಕಷ್ಟ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು 5 ಪಾಲಿಕೆಗಳು ಬಂದವು. ಅಂದ್ರೆ 1986ರಲ್ಲಿ ಲಂಡನ್ ಎದುರಿಸಿದ ಪ್ರಶ್ನೆ ಈಗ ನಮ್ಮೆದುರು ಇದೆ. ಮಾರ್ಕೆಟ್ಟು, ಕಾಂಪ್ಲೆಕ್ಸು, ಕಚೇರಿ, ಖಾಲಿ ಸೈಟು ಯಾರ ಪಾಲಿಗೆ? ಹೊಸ ಕಚೇರಿ ಸ್ವಂತದ್ದೋ, ಬಾಡಿಗೆಯದ್ದೋ? ಇದನ್ನ ತೀರ್ಮಾನ ಮಾಡೋರು ನಾವು ಆರಿಸಿದವರಾ?

ನೀವಿರೋದು ಬೆಂಗಳೂರಲ್ಲೇ ಆಗಬೇಕಿಲ್ಲ. ನಿಮ್ಮೂರಿನ ಪುರಸಭೆ ಕಾಂಪ್ಲೆಕ್ಸಿನ ಅಂಗಡಿಗಳ ಕರಾರು ಯಾವಾಗ ಮುಗಿಯುತ್ತೆ, ಬಾಡಿಗೆ ಎಷ್ಟು, ಹರಾಜು ಆಗಿದೆಯಾ, ಇದನ್ನ ಆರ್‌ಟಿಐ ಹಾಕಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ. ಕೇಳಿ ನೋಡಿ, ಉತ್ತರ ಬಂದರೆ ನಮಗೂ ಕಳಿಸಿ. ಮುಂದಿನ ವಾರ ಸಿಗೋಣ.