ಕನ್ನಡ ಪಠ್ಯದ ನಷ್ಟರಹಿತ ಸಂಕೋಚನ

ಒಂದಕ್ಷರವೂ ಕಳೆಯದಂತೆ ಕಡತವನ್ನು ಕುಗ್ಗಿಸಿ, ಬೇಕಾದಾಗ ಇದ್ದಂತೆಯೇ ಬಿಡಿಸಿಕೊಡುವ ವಿಧಾನ. ಕನ್ನಡದ ಮಟ್ಟಿಗೆ ಇದರ ಚರಿತ್ರೆಯನ್ನು ಅಕ್ಷರಗಳಿಗೆ ಅಂಕಿ ಕೊಟ್ಟ ಕ್ರಮದಿಂದಲೇ ಆರಂಭಿಸಬೇಕು.

ಹುಬ್ಬಳ್ಳಿ ಬಳಿಯ ಸುಳ್ಳ ಗ್ರಾಮದ ಹೆಸರನ್ನೇ ನೋಡಬಹುದು. ಸ, ಉಕಾರ, ಳ, ಹಲಂತ, ಮತ್ತೆ ಳ: ಒಟ್ಟು ಐದು ಸಂಕೇತ. 1991ರ ಇಸ್ಕಿ ಮಾನಕದಲ್ಲಿ, ಲಿಪಿಸೂಚನೆ ಬಿಟ್ಟರೆ, ಇದಕ್ಕೆ 5 ಬೈಟು ಸಾಕು. ಅಕ್ಷರದ ತುಣುಕುಗಳನ್ನು ಜೋಡಿಸುತ್ತಿದ್ದ ಹಳೆಯ ನುಡಿ ಫಾಂಟಿನಲ್ಲಿ ತಲೆಕಟ್ಟು, ಒತ್ತು ಸೇರಿ 6. ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದೂ 1991ರಲ್ಲೇ. ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಮಾತ್ರ ಇದೇ ಹೆಸರಿಗೆ 15 ಬೈಟು ಕೇಳುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಆ ಮೂರರಲ್ಲಿ ಮೊದಲ ಬೈಟು ಸದಾ 224, ಎರಡನೆಯದು 178 ಇಲ್ಲವೇ 179. ಅಂದರೆ 24 ಬಿಟ್‌ಗಳಲ್ಲಿ ಅಕ್ಷರದಿಂದ ಅಕ್ಷರಕ್ಕೆ ಬದಲಾಗುವುದು 7 ಮಾತ್ರ.

ಆದ್ದರಿಂದ ಕನ್ನಡ ಕಡತ ಇಷ್ಟು ಶೇಕಡಾ ಕುಗ್ಗಿತು ಎಂದು ಯಾವ ತಂತ್ರಾಂಶವನ್ನೂ ಹೊಗಳುವಂತಿಲ್ಲ. ಕುಗ್ಗಿದ್ದರಲ್ಲಿ ದೊಡ್ಡ ಪಾಲು ಸಂಕೇತಕ್ರಮವೇ ಹೇರಿದ ಭಾರ. ಕೊನೆಗೆ ಉಳಿದ ಬೈಟುಗಳನ್ನು ಎಣಿಸುವುದೇ ಸರಿಯಾದ ತೂಕ.

ಮೇಲಿಂದ ಮೇಲೆ ಬರುವ ಅಕ್ಷರಕ್ಕೆ ಚಿಕ್ಕ ಸಂಕೇತ ಕೊಡುವುದು ಡೇವಿಡ್ ಹಫ್‌ಮನ್ 1952ರಲ್ಲಿ ತೋರಿದ ದಾರಿ. ಹಿಂದೆ ಬಂದ ಮಾತು ಮತ್ತೆ ಬಂದಾಗ ಅದರ ಜಾಗವನ್ನಷ್ಟೇ ಸೂಚಿಸುವುದು ಲೆಂಪೆಲ್ ಮತ್ತು ಝಿವ್ 1977ರಲ್ಲಿ ಕೊಟ್ಟ ಉಪಾಯ. 1992ರ ಜಿಜಿಪ್ ಇವೆರಡನ್ನೂ ಬಳಸುತ್ತದೆ. ಆದರೆ ಅದು ಹಿಂತಿರುಗಿ ನೋಡುವುದು 32 ಕಿಲೋಬೈಟಿನಷ್ಟು ದೂರ ಮಾತ್ರ. ಇಂಗ್ಲಿಷಿಗೆ ಅದು ಸುಮಾರು 32 ಸಾವಿರ ಅಕ್ಷರ, ಕನ್ನಡಕ್ಕೆ 11 ಸಾವಿರ ಸಂಕೇತವೂ ಇಲ್ಲ. ಒಂದೇ ಕ್ರಿಯಾಪದ ಹತ್ತಾರು ಪ್ರತ್ಯಯ ಹೊತ್ತು ಮತ್ತೆ ಮತ್ತೆ ಬರುವ ಭಾಷೆಗೆ ಈ ನೋಟ ಸಾಲದು. 1996ರ ಬಿಜಿಪ್2 ಒಮ್ಮೆಗೆ 9 ಲಕ್ಷ ಬೈಟುಗಳವರೆಗೆ ಹಿಡಿಯುತ್ತದೆ, ಎಕ್ಸ್‌ಝಡ್ ಸಾಮಾನ್ಯವಾಗಿ 8 ಮೆಗಾಬೈಟು ನೆನಪಿನಲ್ಲಿಡುತ್ತದೆ. ದೊಡ್ಡ ಕನ್ನಡ ಪಠ್ಯಕ್ಕೆ ಇವು ಒಗ್ಗುವುದು ಇದರಿಂದಲೇ. ತೀರ ಚಿಕ್ಕ ಪಠ್ಯದ ಪಾಡು ಬೇರೆ: ಜಿಜಿಪ್‌ನ ತಲೆಬಾಲಕ್ಕೇ 18 ಬೈಟು ಬೇಕು, ಸುಳ್ಳ ಎಂಬ ಹೆಸರು ಕುಗ್ಗುವ ಬದಲು ಉಬ್ಬುತ್ತದೆ.

ಯುನಿಕೋಡಿಗೆಂದೇ ಮಾಡಿದ ಎಸ್‌ಸಿಎಸ್‌ಯು ಕ್ರಮ ಇದೇ ಹೆಸರನ್ನು 7 ಬೈಟಿಗೆ ಇಳಿಸುತ್ತದೆ. ಅದರಲ್ಲಿ ದೇವನಾಗರಿಗೆ ಮೊದಲೇ ತೆರೆದಿಟ್ಟ ಕಿಟಕಿಯಿದೆ. ಕನ್ನಡಕ್ಕಿಲ್ಲ, ತೆರೆಯಲು 2 ಬೈಟು ತೆರಬೇಕು. ಇಷ್ಟು ಚೊಕ್ಕವಾದ ಕ್ರಮ ಬಳಕೆಗೆ ಹೆಚ್ಚು ಬಾರದೇ ಹೋದದ್ದು ನಿಜಕ್ಕೂ ನಷ್ಟ.

ಸಾಧನಗಳನ್ನು ಹೋಲಿಸಲು ಜಗತ್ತು ಬಳಸುವ ಕ್ಯಾಲ್ಗರಿ ಸಂಗ್ರಹದಲ್ಲಿರುವ ಬರಹ ಇಂಗ್ಲಿಷಿನದು. 2003ರ ಸಿಲೇಸಿಯಾ ಸಂಗ್ರಹದಲ್ಲಿ ಪೋಲಿಷ್ ಕಾದಂಬರಿಯೊಂದು ಸೇರಿದೆ. ಕನ್ನಡಕ್ಕೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಹಿಡಿಯಬಹುದು. ಅದರ ಪೂರ್ಣ ಪ್ರತಿ ಬಿಜಿಪ್2 ರೂಪದಲ್ಲಿ ಯಾರಿಗೂ ಸಿಗುತ್ತದೆ. ಆದರೆ ಲೇಖನಗಳನ್ನು ಸುತ್ತಿರುವ ಎಕ್ಸ್‌ಎಂಎಲ್ ಗುರುತುಗಳು ಇಂಗ್ಲಿಷಿನವು. ಅವನ್ನು ತೆಗೆದ ಮೇಲೆಯೇ ತೂಗಬೇಕು.